ಮನೆ ಬಿಡುವ ಮುನ್ನ ಗೋಡೆ ರಿಪೇರಿ: ತೂತು ಮುಚ್ಚುವುದು ಸುಲಭ, ಬಣ್ಣ ಕೂಡಿಸುವುದು ಕಷ್ಟ

ಪ್ರಶ್ನೆ: ಬಾಡಿಗೆ ಮನೆ ಬಿಡಲು ಇನ್ನು ಎರಡು ವಾರ ಇದೆ. ಫೋಟೊ ಹಾಕಲು ಹೊಡೆದ ಮೊಳೆಗಳ ತೂತು ಎಲ್ಲ ಕೋಣೆಗಳಲ್ಲೂ ಇವೆ. ಟಿವಿ ಇದ್ದ ಗೋಡೆಯಲ್ಲಿ ಡ್ರಿಲ್ ಮಾಡಿದ ನಾಲ್ಕು ದೊಡ್ಡ ತೂತುಗಳಿವೆ. ಡಬಲ್ ಟೇಪ್ ಕಿತ್ತಾಗ ಎರಡು ಕಡೆ ಬಣ್ಣವೂ ಜೊತೆಗೇ ಎದ್ದುಬಂತು. ಮಗಳು ಕ್ರೇಯಾನ್‌ನಲ್ಲಿ ಗೀಚಿದ್ದು ಬೇರೆ. ಬಾಗಿಲ ಚೌಕಟ್ಟಿನ ಮೂಲೆಯಿಂದ ಒಂದು ಸಣ್ಣ ಬಿರುಕೂ ಕಾಣುತ್ತಿದೆ. ಇದನ್ನೆಲ್ಲ ನಾವೇ ಸರಿ ಮಾಡಬಹುದಾ? ಟೂತ್‌ಪೇಸ್ಟ್ ತುಂಬಿದರೆ ಸಾಕು ಎಂದು ಗೆಳೆಯರು ಹೇಳುತ್ತಾರೆ. ಅಡ್ವಾನ್ಸ್ ಹಣದಲ್ಲಿ ಕಡಿತ ಆಗಬಾರದು, ಅಷ್ಟೇ.

ಉತ್ತರ: ಖಂಡಿತ ಮಾಡಬಹುದು. ಬಿರುಕು ಒಂದನ್ನು ಬಿಟ್ಟರೆ ನೀವು ಹೇಳಿದ ಬೇರೆಲ್ಲ ಕೆಲಸವೂ ಮನೆಯವರ ಕೈಗೆ ಸಿಗುವಂಥದ್ದೇ. ಎರಡು ವಾರ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಇದರಲ್ಲಿ ಕೈ ಕೆಲಸ ಕಮ್ಮಿ, ಒಣಗಲು ಕಾಯುವುದೇ ಜಾಸ್ತಿ. ಹಿಂದಿನ ರಾತ್ರಿ ಪುಟ್ಟಿ ಮೆತ್ತಿ, ಬೆಳಿಗ್ಗೆ ಹಸಿಯ ಮೇಲೇ ಬಣ್ಣ ಬಳಿದು ಕೀಲಿ ಕೊಟ್ಟು ಹೋದವರ ಗೋಡೆಗಳನ್ನು ಎಷ್ಟೋ ನೋಡಿದ್ದೇನೆ. ಅಲ್ಲಿ ತೂತಿಗಿಂತ ತೇಪೆಯೇ ಎದ್ದು ಕಾಣುತ್ತದೆ.

ಟೂತ್‌ಪೇಸ್ಟ್ ವಿಷಯ ಮೊದಲೇ ಮುಗಿಸಿಬಿಡೋಣ. ದಯವಿಟ್ಟು ಬೇಡ. ಟ್ಯೂಬಿನಲ್ಲಿ ಒಣಗದಿರಲಿ ಎಂದೇ ಅದಕ್ಕೆ ಗ್ಲಿಸರಿನ್, ಸಾರ್ಬಿಟಾಲ್‌ನಂಥ ತೇವ ಹಿಡಿದಿಡುವ ವಸ್ತು ಹಾಕಿರುತ್ತಾರೆ. ತೂತಿನೊಳಗೆ ಅದು ಗಟ್ಟಿಯಾಗಿ ಕೂರುವುದಿಲ್ಲ, ಕುಗ್ಗುತ್ತದೆ. ಅದರ ಮೇಲೆ ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ. ಮುಂದೆ ಬರುವ ಪೇಂಟರ್ ಅದನ್ನು ಕೆರೆದು ತೆಗೆದೇ ಕೆಲಸ ಶುರು ಮಾಡಬೇಕು. ಸೋಪು, ಚ್ಯೂಯಿಂಗ್ ಗಮ್, ಮೇಣ ಎಲ್ಲದರ ಕಥೆಯೂ ಇದೇ. ಒಂದು ಚಿಕ್ಕ ಡಬ್ಬಿ ರೆಡಿಮಿಕ್ಸ್ (ಮೊದಲೇ ಕಲಸಿಟ್ಟ) ಪುಟ್ಟಿ ತಂದರೆ ಮನೆಯ ಮೊಳೆ ತೂತುಗಳೆಲ್ಲ ಮುಚ್ಚಿ ಇನ್ನೂ ಉಳಿಯುತ್ತದೆ. ಸುಮ್ನೆ ಯಾಕೆ ಅಡ್ಡದಾರಿ?

ಪುಟ್ಟಿ ತರುವ ಮೊದಲೇ ಒಂದು ಕೆಲಸ ಇದೆ. ಬಾಡಿಗೆ ಕರಾರು ತೆಗೆದು ಗೋಡೆ, ಬಣ್ಣ, ಮೊಳೆ ಬಗ್ಗೆ ಏನು ಬರೆದಿದೆ ನೋಡಿ. ಆಮೇಲೆ ಮಾಲೀಕರನ್ನು ಕೇಳಿ. ಬಾಯಿಮಾತಿನಲ್ಲಿ ಬೇಡ, ಮೆಸೇಜ್‌ನಲ್ಲಿ ಕೇಳಿ. ಮೂರು ಪ್ರಶ್ನೆ ಸಾಕು. ಮೊಳೆ ಕೀಳಬೇಕಾ, ಹಾಗೇ ಬಿಡಬೇಕಾ? ತೂತು ಮುಚ್ಚಿದರೆ ಸಾಕಾ, ಬಣ್ಣವನ್ನೂ ಹಚ್ಚಬೇಕಾ? ಹಚ್ಚಬೇಕೆಂದರೆ ಗೋಡೆಯ ಬಣ್ಣದ ಕೋಡ್ ಅಥವಾ ಉಳಿದ ಡಬ್ಬಿ ಇದೆಯಾ? ಮುಂದೆ ಬರುವವರಿಗೆ ಬೇಕಾಗುತ್ತದೆ ಎಂದು ಗಟ್ಟಿ ಮೊಳೆಗಳನ್ನು ಹಾಗೇ ಬಿಡಿ ಎನ್ನುವ ಮಾಲೀಕರೂ ಇರುತ್ತಾರೆ. ಮನೆಗೆ ಹೇಗೂ ಹೊಸ ಬಣ್ಣ ಹೊಡೆಸುತ್ತಾರಾದರೆ ನೀವು ಬಣ್ಣ ಮುಟ್ಟುವುದೇ ವ್ಯರ್ಥ. ಆಗ ಪುಟ್ಟಿ ಹಾಕಿ, ಉಜ್ಜಿ ಬಿಟ್ಟರೆ ಆಯಿತು. ಈ ಒಂದು ಮೆಸೇಜ್ ನಿಮ್ಮ ಅರ್ಧ ಕೆಲಸ ಉಳಿಸಬಹುದು.

ಸಹಜ ಸವಕಳಿಗೂ ಹಾನಿಗೂ ವ್ಯತ್ಯಾಸ ಇದೆ ಎನ್ನುವುದೂ ನೆನಪಿರಲಿ. ಬಿಸಿಲಿಗೆ ಮಾಸಿದ ಬಣ್ಣ, ಫೋಟೊ ಹಿಂದೆ ಉಳಿದ ಗಾಢ ಚೌಕ, ಓಡಾಟದಲ್ಲಿ ಆದ ಸಣ್ಣ ಉಜ್ಜುಗುರುತು, ಇವೆಲ್ಲ ಮನೆಯಲ್ಲಿ ಜನ ಬದುಕಿದರೆ ಆಗುವಂಥವು. ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಇದನ್ನು ಬಾಡಿಗೆದಾರರ ಮೇಲೆ ಹಾಕಬಾರದು. ಡ್ರಿಲ್ ತೂತು, ಎದ್ದುಬಂದ ಬಣ್ಣ, ಕ್ರೇಯಾನ್ ಗೀಚು ಹಾಗಲ್ಲ. ಅವು ನಿಮ್ಮವೇ. ಯಾವುದಕ್ಕೆ ಸಮಯ ಕೊಡಬೇಕು ಎಂದು ಇದರಿಂದಲೇ ಗೊತ್ತಾಗುತ್ತದೆ. ಏನನ್ನೂ ಮುಟ್ಟುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆದಿಡಿ. ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ ನಿಂತು ಮತ್ತೊಮ್ಮೆ ತೆಗೆಯಿರಿ.

ಈಗ ಗೋಡೆ ಯಾವುದು ಎಂದು ತಿಳಿದುಕೊಳ್ಳಿ. ಬೆರಳ ಗೆಣ್ಣಿನಿಂದ ತಟ್ಟಿ. ಎಲ್ಲ ಕಡೆ ಗಟ್ಟಿ ಸದ್ದು ಬಂದರೆ ಅದು ಇಟ್ಟಿಗೆ ಅಥವಾ ಕಾಂಕ್ರೀಟ್ ಮೇಲಿನ ಗಾರೆ. ಟೊಳ್ಳು ಸದ್ದು ಬಂದು, ಗುಂಡುಪಿನ್ ಒತ್ತಿದರೆ ಸಲೀಸಾಗಿ ಒಳಗೆ ಹೋದರೆ ಅದು ಜಿಪ್ಸಮ್ ಬೋರ್ಡ್. ಗಾರೆ ಗೋಡೆಯಲ್ಲೇ ಒಂದು ಜಾಗ ಮಾತ್ರ ಟೊಳ್ಳು ಎನಿಸಿದರೆ ಅಲ್ಲಿ ಗಾರೆ ಇಟ್ಟಿಗೆಯಿಂದ ಬಿಟ್ಟುಕೊಂಡಿದೆ ಎಂದರ್ಥ. ಅಲ್ಲಿ ಮೇಲೆ ಮೆತ್ತಿದರೆ ನಿಲ್ಲುವುದಿಲ್ಲ. ಅದನ್ನು ಮಾಲೀಕರಿಗೆ ತಿಳಿಸಿ.

ಆಮೇಲೆ ಒದ್ದೆ ಬಟ್ಟೆಯಿಂದ ಮೂಲೆಯಲ್ಲೊಂದು ಕಡೆ ಒರೆಸಿ ನೋಡಿ. ಬಟ್ಟೆಗೆ ಬಣ್ಣದ ಪುಡಿ ಹತ್ತಿದರೆ ಅದು ಸುಣ್ಣ ಅಥವಾ ಡಿಸ್ಟೆಂಪರ್. ಅಂಥ ಗೋಡೆಯನ್ನು ನೀರು ಹಾಕಿ ತೊಳೆಯಬಾರದು, ತೊಳೆದರೆ ಬಣ್ಣವೇ ಕದಡುತ್ತದೆ. ಆ ಪುಡಿಯ ಮೇಲೆ ಪುಟ್ಟಿ, ಎಮಲ್ಷನ್ (ನೀರು ಆಧಾರಿತ ಗೋಡೆ ಬಣ್ಣ) ಯಾವುದೂ ಗಟ್ಟಿಯಾಗಿ ನಿಲ್ಲುವುದಿಲ್ಲ. ತೂತಿನ ಸುತ್ತ ಸಡಿಲ ಪುಡಿಯನ್ನು ಬ್ರಷ್‌ನಿಂದ ಉದುರಿಸಿ ಆಮೇಲೆ ಕೆಲಸ ಮಾಡಿ. ಬಟ್ಟೆಗೆ ಏನೂ ಹತ್ತದಿದ್ದರೆ ಹೆಚ್ಚಾಗಿ ಎಮಲ್ಷನ್. ಅದು ಸುಲಭ.

ಮೊಳೆ ತೂತುಗಳಿಂದ ಶುರು ಮಾಡಿ, ಕೈ ಪಳಗುತ್ತದೆ. ಇಕ್ಕಳ ಅಥವಾ ಸುತ್ತಿಗೆಯ ಕೊಕ್ಕೆಯಿಂದ ಮೊಳೆ ಕೀಳುವಾಗ ಕೆಳಗೆ ಒಂದು ತೆಳು ಮರದ ಚೂರೋ ದಪ್ಪ ರಟ್ಟೋ ಇಡಿ. ಇಲ್ಲದಿದ್ದರೆ ಸುತ್ತಿಗೆಯ ಹೊರೆ ಗೋಡೆಯ ಮೇಲೆ ಬಿದ್ದು ಹೊಸ ಗುಳಿ ಆಗುತ್ತದೆ. ಮೊಳೆ ಬಂದ ಮೇಲೆ ತೂತಿನ ಸುತ್ತ ಬೆರಳಾಡಿಸಿ. ಸಣ್ಣ ಉಬ್ಬು ಕೈಗೆ ಸಿಗುತ್ತದೆ. ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಉಬ್ಬು ಹಾಗೇ ಇದ್ದರೆ ಎಷ್ಟು ಚೆನ್ನಾಗಿ ತುಂಬಿದರೂ ಗುರುತು ಉಳಿಯುತ್ತದೆ. ಪುಟ್ಟಿ ಬ್ಲೇಡಿನ ಮೂಲೆಯಿಂದ ಉಬ್ಬನ್ನು ಕೆರೆದು ತೆಗೆಯಿರಿ. ಬ್ಲೇಡಿನ ಹಿಡಿಯ ತುದಿಯಿಂದ ತೂತಿನ ಬಾಯನ್ನು ಸ್ವಲ್ಪ ಒತ್ತಿ, ಚಿಕ್ಕ ಬಟ್ಟಲಿನ ಆಕಾರ ಬರಲಿ. ಪುಟ್ಟಿ ಹಿಡಿದುಕೊಳ್ಳಲು ಜಾಗ ಬೇಕಲ್ವಾ?

ಒಳಗಿನ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಧೂಳಿನ ಮೇಲೆ ಕೂತ ಪುಟ್ಟಿ ಒಣಗಿದ ಮೇಲೆ ಬಿರಡೆಯ ಹಾಗೆ ಕಳಚಿ ಬರುತ್ತದೆ. ಪುಡಿ ಪುಟ್ಟಿ ಕಲಸಿ ಹಾಕುವುದಾದರೆ ತೂತಿಗೆ ಸ್ವಲ್ಪ ನೀರು ಚಿಮುಕಿಸಿ. ಒಣ ಗಾರೆ ಪುಟ್ಟಿಯ ನೀರನ್ನೆಲ್ಲ ಹೀರಿಬಿಟ್ಟರೆ ಅದು ಗಟ್ಟಿಯಾಗದೆ ಪುಡಿಪುಡಿ ಆಗುತ್ತದೆ. ರೆಡಿಮಿಕ್ಸ್‌ಗೆ ಇದು ಬೇಕಿಲ್ಲ. ಬ್ಲೇಡನ್ನು ಸ್ವಲ್ಪ ಓರೆ ಹಿಡಿದು ಪುಟ್ಟಿಯನ್ನು ಒಳಕ್ಕೆ ಒತ್ತಿ. ಆಮೇಲೆ ಬ್ಲೇಡನ್ನು ಹೆಚ್ಚು ನೆಟ್ಟಗೆ ಹಿಡಿದು ಒಮ್ಮೆ ಎಳೆಯಿರಿ. ಒಣಗಿದಾಗ ಕುಗ್ಗುವುದರಿಂದ ಗೋಡೆಯ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರಲಿ. ಅಕ್ಕಪಕ್ಕಕ್ಕೆ ಹರಡಿದ್ದನ್ನು ಒದ್ದೆ ಸ್ಪಂಜಿನಿಂದ ಆಗಲೇ ಒರೆಸಿಬಿಡಿ. ಒಂದು ಮೊಳೆ ತೂತಿಗೆ ಅಂಗೈ ಅಗಲ ಪುಟ್ಟಿ ಸವರಿದರೆ ಆಮೇಲೆ ಅಂಗೈ ಅಗಲಕ್ಕೂ ಬಣ್ಣ ಹಚ್ಚಬೇಕಾಗುತ್ತದೆ.

ಟಿವಿಯ ತೂತುಗಳಿಗೆ ಸ್ವಲ್ಪ ತಾಳ್ಮೆ ಬೇಕು. ಒಳಗೆ ಪ್ಲಾಸ್ಟಿಕ್ ಪ್ಲಗ್ ಇರುತ್ತದೆ. ಅದರೊಳಗೆ ಸ್ಕ್ರೂವನ್ನು ಎರಡು ಮೂರು ಸುತ್ತು ಮಾತ್ರ ತಿರುಗಿಸಿ, ಸ್ಕ್ರೂವಿನ ತಲೆಯನ್ನು ಇಕ್ಕಳದಿಂದ ಹಿಡಿದು ನೇರವಾಗಿ ಎಳೆಯಿರಿ. ಪ್ಲಗ್ ಜೊತೆಗೇ ಬರುತ್ತದೆ. ಪೂರ್ತಿ ತಿರುಗಿಸಿದರೆ ಪ್ಲಗ್ ಅರಳಿ ಇನ್ನೂ ಬಿಗಿಯಾಗುತ್ತದೆ. ಎಷ್ಟೇ ಎಳೆದರೂ ಬಾರದಿದ್ದರೆ ಜಗ್ಗಾಡಿ ಗಾರೆ ಒಡೆಯಬೇಡಿ. ಅಂಚು ಕತ್ತರಿಸಿ, ಒಂದು ಮೊಳೆಯ ತಲೆಯಿಂದ ಒಳಕ್ಕೆ ಬಡಿದುಬಿಡಿ. ಮಟ್ಟಕ್ಕಿಂತ ಒಂದು ಸೆಂಟಿಮೀಟರ್ ಒಳಗೆ ಹೋದರೆ ಸಾಕು, ಅದರ ಮೇಲೆ ತುಂಬಬಹುದು. ಹತ್ತಿರದಲ್ಲಿ ಸ್ವಿಚ್ ಅಥವಾ ಪ್ಲಗ್ ಪಾಯಿಂಟ್ ಇದ್ದರೆ ಮೇನ್ ಆಫ್ ಮಾಡಿಕೊಳ್ಳಿ. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ, ಅಕ್ಕಪಕ್ಕ ಗೋಡೆಯೊಳಗೆ ವೈರ್ ಹೋಗಿರುತ್ತದೆ. ಅಲ್ಲಿ ಚೂಪಾದ ಯಾವುದನ್ನೂ ಒಳಕ್ಕೆ ತಳ್ಳಬೇಡಿ.

ಆಳದ ತೂತಿಗೆ ರೆಡಿಮಿಕ್ಸ್ ಪುಟ್ಟಿಯನ್ನು ಒಂದೇ ಸಲ ತುಂಬಬೇಡಿ. ಹೊರಗೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ಆಮೇಲೆ ಕುಸಿದು ಗುಳಿ ಬೀಳುತ್ತದೆ. ಒಂದು ಪದರ 5 ಮಿಲಿಮೀಟರ್ ದಾಟದಿರಲಿ, ಅದು ಪೂರ್ತಿ ಒಣಗಿದ ಮೇಲೆ ಇನ್ನೊಂದು. ಇಷ್ಟು ಕಾಯಲು ಆಗದಿದ್ದರೆ ಜಿಪ್ಸಮ್ ಪ್ಲಾಸ್ಟರ್ ಪುಡಿ ಒಳ್ಳೆಯದು. ಅದು ಹೆಚ್ಚು ಕುಗ್ಗುವುದಿಲ್ಲ, ಬೇಗ ಗಟ್ಟಿಯಾಗುತ್ತದೆ. ನೀರಿಗೆ ಪುಡಿ ಉದುರಿಸಿ ಕಲಸಿ, ಪುಡಿಗೆ ನೀರು ಸುರಿದರೆ ಗಂಟು ಬೀಳುತ್ತದೆ. ಬೇಕಾದಷ್ಟನ್ನೇ ಕಲಸಿ. ಗಟ್ಟಿಯಾಗಲು ಶುರುವಾದ ಮೇಲೆ ಮತ್ತೆ ನೀರು ಬೆರೆಸಿದರೆ ಅದರ ಬಲ ಹೋಗುತ್ತದೆ, ಬಿಸಾಡುವುದೇ ವಾಸಿ. ಜಿಪ್ಸಮ್‌ನಿಂದ ಮುಕ್ಕಾಲು ಆಳ ತುಂಬಿ, ಕೊನೆಯ ತೆಳು ಪದರಕ್ಕೆ ಪುಟ್ಟಿ ಬಳಸಿದರೆ ನುಣುಪು ಚೆನ್ನಾಗಿ ಬರುತ್ತದೆ.

ಗೋಡೆ ಜಿಪ್ಸಮ್ ಬೋರ್ಡ್ ಆಗಿದ್ದರೆ ತೂತಿನ ಹಿಂದೆ ಏನೂ ಇರುವುದಿಲ್ಲ, ತುಂಬಿದ್ದು ಒಳಗೆ ಬೀಳುತ್ತದೆ. ಬೆರಳ ತುದಿಗಿಂತ ದೊಡ್ಡ ತೂತಾದರೆ ಮೇಲೆ ಅಂಟಿಸುವ ಫೈಬರ್ ಜಾಲರಿ ಟೇಪ್ ಹಾಕಿ, ಅದರ ಮೇಲೆ ಎರಡು ಮೂರು ತೆಳು ಪದರ ಸವರಬೇಕು. ಪ್ರತಿ ಪದರವೂ ಹಿಂದಿನದಕ್ಕಿಂತ ಸ್ವಲ್ಪ ಅಗಲ ಇರಲಿ. ಮುಷ್ಟಿ ಗಾತ್ರದ ತೂತಿಗೆ ಹಿಂದೆ ಮರದ ಪಟ್ಟಿ ಕೂರಿಸಿ, ಬೋರ್ಡಿನ ತುಂಡು ಸ್ಕ್ರೂ ಮಾಡಬೇಕು. ಅದು ಕಲಿತವರ ಕೆಲಸ, ಅವರನ್ನೇ ಕರೆಯಿರಿ.

ಡಬಲ್ ಟೇಪ್ ಇನ್ನೂ ಎಲ್ಲಾದರೂ ಅಂಟಿಕೊಂಡಿದ್ದರೆ ಹಾಗೇ ಕೀಳಬೇಡಿ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಹೊತ್ತು ಬಿಸಿ ಮಾಡಿ, ಅಂಟು ಮೆತ್ತಗಾದ ಮೇಲೆ ಹಲ್ಲಿನ ಸಂದಿಗೆ ಬಳಸುವ ದಾರವನ್ನು ಟೇಪಿನ ಹಿಂದೆ ಗರಗಸದಂತೆ ಆಡಿಸಿ ಬಿಡಿಸಿ. ಎಳೆದು ತೆಗೆಯುವ ಬಾಲ ಇರುವ ಪಟ್ಟಿಗಳನ್ನು ಗೋಡೆಗೆ ಸಮನಾಗಿ, ನೇರ ಕೆಳಕ್ಕೆ, ನಿಧಾನವಾಗಿ ಎಳೆಯಬೇಕು. ನಿಮ್ಮ ಕಡೆಗೆ ಎಳೆದರೆ ಬಣ್ಣ ಕಿತ್ತುಬರುತ್ತದೆ. ಉಳಿದ ಅಂಟನ್ನು ಬಿಸಿನೀರು, ಸೋಪಿನಿಂದ ಒರೆಸಿ. ಸ್ಪಿರಿಟ್, ಥಿನ್ನರ್ ಹಾಕಬೇಡಿ. ಎಮಲ್ಷನ್ ಬಣ್ಣವನ್ನೇ ಅವು ಮೆತ್ತಗೆ ಮಾಡುತ್ತವೆ.

ಬಣ್ಣ ಎದ್ದುಬಂದ ಜಾಗದಲ್ಲಿ ತಪ್ಪಾಗುವುದು ಅಂಚಿನಲ್ಲಿ. ಸುತ್ತಲ ಬಣ್ಣ ನೋಡಲು ಗಟ್ಟಿ ಇದ್ದಂತೆ ಕಂಡರೂ ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿದರೆ ಇನ್ನಷ್ಟು ಏಳುತ್ತದೆ. ಏಳುವುದನ್ನೆಲ್ಲ ಏಳಲು ಬಿಡಿ. ಈಗ ಉಳಿಸಿದರೆ ಹೊಸ ಬಣ್ಣದ ತೇವಕ್ಕೆ ಅದು ಗುಳ್ಳೆ ಕಟ್ಟುತ್ತದೆ. ಆಮೇಲೆ ಅಂಚನ್ನು ಮರಳು ಕಾಗದದಿಂದ ಇಳಿಜಾರಾಗಿ ಉಜ್ಜಿ. ಮೆಟ್ಟಿಲು ಕೈಗೆ ಸಿಗಬಾರದು. ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ಅಡಿಪದರ) ಒಂದು ಕೈ ಹಚ್ಚಿ, ಒಣಗಿದ ಮೇಲೆ ತೆಳುವಾಗಿ ಪುಟ್ಟಿ ಸವರಿ. ಜಿಪ್ಸಮ್ ಬೋರ್ಡಿನ ಮೇಲಿನ ಕಾಗದವೇ ಹರಿದು ಕಂದು ಪದರ ಕಾಣುತ್ತಿದ್ದರೆ ಪ್ರೈಮರ್ ಮೊದಲು ಹಚ್ಚಲೇಬೇಕು. ನೀರಿನ ಪುಟ್ಟಿ ನೇರವಾಗಿ ತಾಗಿದರೆ ಆ ಕಾಗದ ಉಬ್ಬುತ್ತದೆ. ಅಲ್ಲಿಗೆ ಎಣ್ಣೆ ಆಧಾರಿತ ಪ್ರೈಮರ್ ಒಳ್ಳೆಯದು.

ಕ್ರೇಯಾನ್ ಎಂದರೆ ಮೇಣ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಮುಚ್ಚಿ ಪಾರಾಗೋಣ ಎನ್ನುವ ಹಾಗಿಲ್ಲ. ಮೊದಲು ಮೆತ್ತನೆ ಬಟ್ಟೆ, ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ. ಹೋಗದಿದ್ದರೆ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಒರೆಸಿ. ಮೆಲಮಿನ್ ಸ್ಪಂಜು ಬಳಸುವಾಗ ಹುಷಾರು. ಅದು ಮಾಯಮಾಡುವ ಸ್ಪಂಜಲ್ಲ, ಬಹಳ ನಯವಾದ ಮರಳು ಕಾಗದದಂತೆಯೇ ಕೆಲಸ ಮಾಡುತ್ತದೆ. ಹೊಳಪಿಲ್ಲದ ಮ್ಯಾಟ್ ಗೋಡೆಯಲ್ಲಿ ಜೋರಾಗಿ ಉಜ್ಜಿದರೆ ಗೀಚು ಹೋಗಿ ಅದೇ ಆಕಾರದ ಹೊಳೆಯುವ ಕಲೆ ಉಳಿಯುತ್ತದೆ. ಬಾಗಿಲ ಹಿಂದೆಯೋ ಬೀರು ಇದ್ದ ಕಡೆಯೋ ಮೊದಲು ಪರೀಕ್ಷೆ ಮಾಡಿ. ಮೇಣ ಹೋದ ಮೇಲೂ ಕೆಂಪೋ ನೀಲಿಯೋ ಛಾಯೆ ಉಳಿದರೆ ಕಲೆ ತಡೆಯುವ ಪ್ರೈಮರ್ ಬೇಕು. ಮಾರ್ಕರ್, ಎಣ್ಣೆ ಕಲೆ, ನೀರಿನ ಕಲೆಗೂ ಅದೇ. ಬರೀ ಎಮಲ್ಷನ್ ಬಳಿದರೆ ಇವು ಒಳಗಿನಿಂದ ಮತ್ತೆ ಹಣಕುತ್ತವೆ.

ಪುಟ್ಟಿ ಒಣಗಿತೋ ಇಲ್ಲವೋ ಎಂದು ಬಣ್ಣದಿಂದ ತಿಳಿಯುತ್ತದೆ. ಹಸಿ ಇದ್ದಾಗ ಸ್ವಲ್ಪ ಕಪ್ಪಗೆ, ಒಣಗಿದ ಮೇಲೆ ಎಲ್ಲ ಕಡೆ ಒಂದೇ ಬಿಳಿ. ಮಳೆಗಾಲದಲ್ಲಿ ಡಬ್ಬಿಯ ಮೇಲೆ ಬರೆದ ಸಮಯಕ್ಕಿಂತ ಹೆಚ್ಚು ಬೇಕಾಗುತ್ತದೆ. ದೊಡ್ಡ ತೇಪೆಯನ್ನು 120 ಅಥವಾ 150 ನಂಬರಿನ ಮರಳು ಕಾಗದದಿಂದ ಮಟ್ಟ ಮಾಡಿ, 220ರಿಂದ ನುಣುಪು ಮಾಡಿ. ಮೊಳೆ ತೂತಿಗೆ ನೇರ 220 ಸಾಕು. ಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿಕೊಳ್ಳಿ, ಬೆರಳಿನಿಂದ ಉಜ್ಜಿದರೆ ಗುಳಿ ಬೀಳುತ್ತದೆ. ಆಮೇಲೆ ದೀಪ ಆರಿಸಿ, ಟಾರ್ಚ್ ಅನ್ನು ಗೋಡೆಗೆ ಒತ್ತಿ ಹಿಡಿದು ಪಕ್ಕದಿಂದ ಬೆಳಕು ಬಿಡಿ. ಎದುರು ಬೆಳಕಿನಲ್ಲಿ ಕಾಣದ ಉಬ್ಬುತಗ್ಗು ಆಗ ಕಾಣುತ್ತದೆ. ತಗ್ಗಿದ್ದರೆ ಇನ್ನೊಂದು ತೆಳು ಕೈ ಹಾಕಿ. ಬಣ್ಣ ಬಳಿದ ಮೇಲೆ ಕಂಡು ಪೇಚಾಡುವುದಕ್ಕಿಂತ ಇದು ಮೇಲು.

ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ. ಎನ್-95 ಇದ್ದರೆ ಒಳ್ಳೆಯದು. ಕಿಟಕಿ ತೆರೆದಿಡಿ, ಮಗಳನ್ನು ಆ ಕೋಣೆಯಿಂದ ದೂರ ಇಡಿ. ಮನೆ ತುಂಬ ಹಳೆಯದಾಗಿದ್ದು ಪದರದ ಮೇಲೆ ಪದರ ಬಣ್ಣ ಇದ್ದರೆ ಒಣ ಉಜ್ಜಾಟವೇ ಬೇಡ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ಅದರ ಧೂಳು ಮಕ್ಕಳ ಮೆದುಳಿನ ಬೆಳವಣಿಗೆಗೆ ಕೆಟ್ಟದ್ದು. ಅಂಥ ಗೋಡೆಯಲ್ಲಿ ತೂತನ್ನು ಮಟ್ಟಕ್ಕೆ ಸರಿಯಾಗಿ ತುಂಬಿ, ಹಸಿ ಇದ್ದಾಗಲೇ ಒದ್ದೆ ಸ್ಪಂಜಿನಿಂದ ಸಮ ಮಾಡಿಬಿಡಿ. ಉಜ್ಜುವ ಅಗತ್ಯವೇ ಬರುವುದಿಲ್ಲ.

ಇಲ್ಲಿಯವರೆಗಿನದು ಸುಲಭ. ಕೆಲಸ ಕೆಡುವುದು ಬಣ್ಣದ ಡಬ್ಬಿ ತೆರೆದ ಮೇಲೆ. ಅಂಗಡಿಯಲ್ಲಿ 'ಅದೇ ಬಿಳಿ' ಎಂದು ತಂದದ್ದು ಗೋಡೆಯ ಬಿಳಿ ಆಗಿರುವುದೇ ಅಪರೂಪ. ಬಿಳಿಯಲ್ಲೇ ಹಳದಿ ಛಾಯೆ, ಬೂದು ಛಾಯೆ, ನೀಲಿ ಛಾಯೆ ಇವೆ. ಕೋಡ್ ಸಿಕ್ಕಿದರೂ ಗೋಡೆಯ ಮೇಲಿನ ಬಣ್ಣ ಬೆಳಕಿಗೆ, ಹೊಗೆಗೆ, ಧೂಳಿಗೆ ಬದಲಾಗಿರುತ್ತದೆ. ಬಣ್ಣ ಒಂದೇ ಆದರೂ ಹೊಳಪು ಬೇರೆ ಆದರೆ ತೇಪೆ ಕಂಡೇ ಕಾಣುತ್ತದೆ. ಮ್ಯಾಟ್ ಗೋಡೆಗೆ ಮ್ಯಾಟ್, ಮಂದ ಹೊಳಪಿನ ಸ್ಯಾಟಿನ್‌ಗೆ ಸ್ಯಾಟಿನ್. ಗೋಡೆಗೆ ಹೊಳಪು ಹೆಚ್ಚಿದ್ದಷ್ಟೂ ತೇಪೆ ಮುಚ್ಚುವುದು ಕಷ್ಟ. ಕೋಡ್ ಸಿಗದಿದ್ದರೆ ಕಾಣದ ಮೂಲೆಯಲ್ಲಿ, ಸ್ವಿಚ್‌ಬೋರ್ಡಿನ ಹತ್ತಿರ ಅಲ್ಲ, ನಾಣ್ಯದಷ್ಟು ಅಗಲದ ಬಣ್ಣದ ಸಿಪ್ಪೆ ಎಬ್ಬಿಸಿ ಬಣ್ಣ ಬೆರೆಸುವ ಅಂಗಡಿಗೆ ಒಯ್ಯಿರಿ. ಯಂತ್ರದಲ್ಲಿ ಅಳೆದು ಹತ್ತಿರದ ಬಣ್ಣ ಮಾಡಿಕೊಡುವ ಅಂಗಡಿಗಳಿವೆ. ಮೊಬೈಲ್ ಫೋಟೊ ತೋರಿಸಿ ಬಣ್ಣ ತರಬೇಡಿ.

ತಂದ ಬಣ್ಣವನ್ನು ರಟ್ಟಿನ ತುಂಡಿಗೆ ಹಚ್ಚಿ, ಪೂರ್ತಿ ಒಣಗಿಸಿ, ಗೋಡೆಗೆ ಹಿಡಿದು ನೋಡಿ. ಎಮಲ್ಷನ್ ಹಸಿ ಇದ್ದಾಗ ತಿಳಿಯಾಗಿದ್ದು, ಒಣಗಿದಾಗ ಸ್ವಲ್ಪ ಗಾಢವಾಗುವುದೇ ಹೆಚ್ಚು. ಹಸಿಯಲ್ಲಿ ಹೊಂದಿಕೆ ನೋಡಿ ತೀರ್ಮಾನ ಮಾಡಬೇಡಿ. ಹಗಲಿನಲ್ಲಿ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ.

ಹೊಂದುತ್ತದೆ ಎನಿಸಿದರೆ ಪುಟ್ಟಿ ಹಾಕಿದ ಚುಕ್ಕೆಗಳಿಗೆ ಮೊದಲು ಪ್ರೈಮರ್. ಇದನ್ನು ಬಿಡಲೇಬೇಡಿ. ಪುಟ್ಟಿ ಬಣ್ಣವನ್ನು ಗೋಡೆಗಿಂತ ಜಾಸ್ತಿ ಹೀರುತ್ತದೆ. ಪ್ರೈಮರ್ ಇಲ್ಲದಿದ್ದರೆ ಅದೇ ಡಬ್ಬಿಯ ಬಣ್ಣವೂ ಆ ಚುಕ್ಕೆಯಲ್ಲಿ ಮಂಕಾಗಿ ಕಾಣುತ್ತದೆ. ಗೋಡೆಗೆ ರೋಲರ್‌ನಲ್ಲಿ ಬಣ್ಣ ಹೊಡೆದಿದ್ದರೆ ನೀವೂ ಚಿಕ್ಕ ರೋಲರ್ ಬಳಸಿ. ಬ್ರಷ್‌ನ ಗೆರೆ ಬೆಳಕಿಗೆ ಬೇರೆಯಾಗಿ ಹೊಳೆಯುತ್ತದೆ. ಸ್ವಲ್ಪವೇ ಬಣ್ಣ ತೆಗೆದುಕೊಂಡು ನಡುವಿನಿಂದ ಹೊರಕ್ಕೆ ಉರುಳಿಸುತ್ತ, ಅಂಚಿಗೆ ಬರುವಾಗ ರೋಲರ್ ಹೆಚ್ಚುಕಮ್ಮಿ ಒಣಗಿರಬೇಕು. ಚೌಕದ ಗಡಿ ಬರಬಾರದು.

ಆದರೂ ತೇಪೆ ಕಂಡರೆ? ಅದರ ಮೇಲೆ ಮೂರನೇ, ನಾಲ್ಕನೇ ಕೈ ಹಾಕುತ್ತ ಹೋಗಬೇಡಿ. ಆ ಗೋಡೆ ಪೂರ್ತಿ ಹೊಡೆಯಿರಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ. ಇದಕ್ಕೆ ಕಾರಣ ಇದೆ. ಮೂಲೆಯಲ್ಲಿ ಕೂಡುವ ಎರಡು ಗೋಡೆಗಳ ಮೇಲೆ ಬೆಳಕು ಬೇರೆ ಬೇರೆ ರೀತಿ ಬೀಳುತ್ತದೆ. ಒಂದೇ ಬಣ್ಣದ ಗೋಡೆಗಳೂ ಅಲ್ಲಿ ಬೇರೆಯಾಗಿಯೇ ಕಾಣುತ್ತವೆ. ಹಾಗಾಗಿ ಸಣ್ಣ ವ್ಯತ್ಯಾಸ ಕಣ್ಣಿಗೆ ಹತ್ತುವುದಿಲ್ಲ. ಅದೇ ವ್ಯತ್ಯಾಸ ಗೋಡೆಯ ನಡುವೆ ಇದ್ದರೆ ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ. ನಿಮ್ಮ ಟಿವಿ ಗೋಡೆಗೆ ನಾನು ಹೇಳುವುದು ಇದನ್ನೇ. ನಾಲ್ಕು ದೊಡ್ಡ ತೇಪೆ ಇರುವ ಕಡೆ ಚುಕ್ಕೆ ಕೆಲಸ ನಿಲ್ಲುವುದಿಲ್ಲ. ಬೇರೆ ಕೋಣೆಗಳ ಮೊಳೆ ತೂತುಗಳಿಗೆ ಮಾತ್ರ ಚುಕ್ಕೆ ಬಣ್ಣ ಸಾಕು. ಅಲ್ಲಿ ಹೊಂದುವ ಬಣ್ಣ ಸಿಗದಿದ್ದರೆ ಪುಟ್ಟಿಯನ್ನು ನುಣುಪಾಗಿ ಉಜ್ಜಿ ಹಾಗೇ ಬಿಡಿ. ನೀಟಾದ ಬಿಳಿ ಚುಕ್ಕೆಯನ್ನು ಮಾಲೀಕರು ರಿಪೇರಿ ಎಂದು ನೋಡುತ್ತಾರೆ. ಹೊಂದದ ಬಣ್ಣದ ತೇಪೆಯನ್ನು ಹಾನಿ ಎಂದು ನೋಡುತ್ತಾರೆ.

ಇನ್ನು ಬಿರುಕು. ಬಾಗಿಲು, ಕಿಟಕಿಯ ಮೂಲೆಗಳಲ್ಲಿ ಗೋಡೆಯ ಒತ್ತಡ ಒಟ್ಟುಗೂಡುತ್ತದೆ. ಅದಕ್ಕೇ ಬಿರುಕು ಅಲ್ಲಿಂದಲೇ ಓರೆಯಾಗಿ ಹೊರಡುತ್ತದೆ. ಕೂದಲೆಳೆಯಂಥದ್ದು ಗಾರೆ ಒಣಗಿ ಕುಗ್ಗಿದಾಗಲೂ ಬರುತ್ತದೆ, ಗಾಬರಿ ಬೇಡ. ಅಗಲ 5 ಮಿಲಿಮೀಟರ್ ದಾಟಿದ್ದರೆ, ಗೋಡೆಯ ಆಚೆ ಬದಿಯಲ್ಲೂ ಕಂಡರೆ, ಒಂದು ಅಂಚು ಇನ್ನೊಂದಕ್ಕಿಂತ ಮುಂದೆ ಬಂದಿದ್ದರೆ ಅಥವಾ ದಿನದಿನಕ್ಕೆ ಬೆಳೆಯುತ್ತಿದ್ದರೆ ಮಾತ್ರ ಅದನ್ನು ಎಂಜಿನಿಯರ್ ನೋಡಬೇಕು. ಯಾವುದೇ ಆಗಲಿ, ನೀವು ಅದನ್ನು ಮುಚ್ಚಬೇಡಿ. ಬಿರುಕು ಕಟ್ಟಡದ್ದು, ನಿಮ್ಮದಲ್ಲ. ಅದರ ಅಗಲ, ಉದ್ದ ಮಾಲೀಕರಿಗೆ ಗೊತ್ತಿರಬೇಕು. ಪುಟ್ಟಿ ಮೆತ್ತಿ ಹೋದರೆ ಮುಂದೆ ಅಲ್ಲಿ ವಾಸ ಮಾಡುವವರಿಗೆ ಸುಳಿವೇ ಇಲ್ಲದಂತಾಗುತ್ತದೆ. ಪಕ್ಕದಲ್ಲಿ ಸ್ಕೇಲ್ ಹಿಡಿದು ಫೋಟೊ ತೆಗೆದು ಕಳಿಸಿ. ತೇವದ ಕಲೆ, ಬೂಷ್ಟು, ಉಪ್ಪು ಉಗುಳಿದ ಗೋಡೆಗೂ ಇದೇ ಮಾತು. ನೀರು ಬರುವ ದಾರಿ ಮುಚ್ಚದೆ ಮೇಲೆ ಬಳಿದರೆ ಬಣ್ಣ ಮತ್ತೆ ಏಳುತ್ತದೆ, ಆಗ ತಪ್ಪು ನಿಮ್ಮ ತಲೆಗೆ ಬರುತ್ತದೆ. ಚೌಕಟ್ಟಿನ ಮರಕ್ಕೂ ಗೋಡೆಗೂ ನಡುವಿನ ಸಂದು ಮಾತ್ರ ಬೇರೆ. ಮಾಲೀಕರು ಹೇಳಿದರೆ ಅದಕ್ಕೆ ಅಕ್ರಿಲಿಕ್ ಸೀಲೆಂಟ್ ಹಾಕಬಹುದು. ಪುಟ್ಟಿ ಅಲ್ಲಿ ಮತ್ತೆ ಬಿಡುತ್ತದೆ, ಸಿಲಿಕೋನ್ ಮೇಲೆ ಬಣ್ಣ ಹಿಡಿಯುವುದಿಲ್ಲ.

ನಿಮ್ಮ ಎರಡು ವಾರವನ್ನು ಹೀಗೆ ಹಂಚಿಕೊಳ್ಳಿ. ಇವತ್ತೇ ಮಾಲೀಕರಿಗೆ ಮೆಸೇಜ್, ಫೋಟೊ. ಈ ವಾರ ಮೊಳೆ, ಪ್ಲಗ್, ಟೇಪ್ ಎಲ್ಲ ತೆಗೆದು ಒಂದೇ ದಿನ ಪುಟ್ಟಿ ಹಾಕಿ. ಕೋಣೆಯಿಂದ ಕೋಣೆಗೆ ಹೋಗುತ್ತ ಒಂದೇ ಕೆಲಸ ಮಾಡಿದರೆ ಬೇಗ ಮುಗಿಯುತ್ತದೆ. ಎರಡನೇ ವಾರದ ಮೊದಲ ಭಾಗದಲ್ಲಿ ಪ್ರೈಮರ್, ಬಣ್ಣ. ಕೊನೆಯ ಮೂರು ನಾಲ್ಕು ದಿನ ಗೋಡೆಯನ್ನು ಮುಟ್ಟದೆ ಬಿಡಿ. ಎಮಲ್ಷನ್ ಕೈಗೆ ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಸಾಮಾನು ಸಾಗಿಸುವಾಗ ಬೀರು, ಮಂಚ ತಾಗಿದರೆ ಹೊಸ ಬಣ್ಣವೇ ಮೊದಲು ಕಿತ್ತುಹೋಗುತ್ತದೆ. ಆ ಗೋಡೆಗಳ ಪಕ್ಕದ ಸಾಮಾನನ್ನು ಮೊದಲೇ ನಡುವಿಗೆ ಎಳೆದಿಟ್ಟುಕೊಳ್ಳಿ. ಉಳಿದ ಬಣ್ಣವನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಯಾವ ಕೋಣೆ, ಯಾವ ಕೋಡ್ ಎಂದು ಮೇಲೆ ಬರೆದು, ಕೀಲಿಯ ಜೊತೆ ಮಾಲೀಕರಿಗೆ ಕೊಟ್ಟುಬಿಡಿ.